ಹುಲಿಗೆ ಸೋಮವಾರ ರಜೆ

"ಹುಲಿಗೆ ರಜೆ ಯಾವಾಗ ಅಂಕಲ್?"

ಕೇಳಿದವನಿಗೆ ಇನ್ನೂ ಐದು ತುಂಬಿಲ್ಲ. ಕೇಳಿಸಿಕೊಂಡವರು ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಹುಲಿಯ ಆವರಣದ ಎದುರು ಕೋಲು ಹಿಡಿದು ನಿಂತಿದ್ದ ಕಾವಲಿನವರು. ವಯಸ್ಸು ಐವತ್ತೈದರ ಮೇಲೆಯೇ ಇರಬೇಕು. ಅವರು ನಗಲಿಲ್ಲ. ನನಗೆ ಮೊದಲು ಇಷ್ಟವಾದದ್ದು ಅದೇ. ದೊಡ್ಡವರು ಸಾಮಾನ್ಯವಾಗಿ ಮಕ್ಕಳ ಪ್ರಶ್ನೆಗೆ ನಕ್ಕುಬಿಟ್ಟು ಪಕ್ಕದಲ್ಲಿರುವ ಅಮ್ಮನ ಮುಖ ನೋಡುತ್ತಾರೆ, ಉತ್ತರ ಅಲ್ಲಿಗೇ ಮುಗಿಯಿತು. ಇವರು ಸ್ವಲ್ಪ ಯೋಚಿಸಿ, "ಸೋಮವಾರ ಮಗಾ" ಎಂದರು.

"ರಜೆ ದಿನ ಅದು ಎಲ್ಲಿಗೆ ಹೋಗತ್ತೆ?"

"ಎಲ್ಲಿಗೂ ಹೋಗ್ಲಿಕ್ಕಿಲ್ಲ. ಆ ದಿವಸ ಅದನ್ನು ನೋಡ್ಲಿಕ್ಕೆ ಯಾರೂ ಬರುದಿಲ್ಲ. ಅದೇ ಅದರ ರಜೆ."

ಇದು ನಡೆದದ್ದು ಶನಿವಾರ. ಇವತ್ತು ಬುಧವಾರ. ಪಾತ್ರೆ ತೊಳೆಯುವಾಗಲೂ ಅದೇ ಮಾತು, ಸ್ಟೇಟ್‌ಬ್ಯಾಂಕ್ ಸ್ಟಾಪಿನ ಕಡೆಯ ಬಸ್ಸಿನಲ್ಲಿ ನಿಂತಾಗಲೂ ಅದೇ ಮಾತು. ಯಾರೂ ನೋಡಲಿಕ್ಕೆ ಬರುವುದಿಲ್ಲ. ಅದೇ ರಜೆ.

ದಸರಾ ರಜೆಗೆ ಅಕ್ಕ, ಭಾವ, ಇಬ್ಬರು ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಮಕ್ಕಳಿಗೆ ಸಮುದ್ರ, ಪ್ರಾಣಿ ಎರಡೂ ತೋರಿಸಬೇಕು. ನಾನು ಮದುವೆಯಾಗಿ ಮಂಗಳೂರಿಗೆ ಬಂದು ಒಂಬತ್ತು ವರ್ಷ. ಇಷ್ಟು ವರ್ಷವೂ "ಬನ್ನಿ, ಬನ್ನಿ" ಎಂದು ಕರೆದವಳು ನಾನೇ, ಈಗ ದೂರುವ ಹಾಗಿಲ್ಲ. ಆದರೆ ಭಾವ ಬರುವ ಮೊದಲೇ ಮೊಬೈಲಿಗೆ ಒಂದು ಪಟ್ಟಿ ಕಳಿಸಿದ್ದರು. ಶುಕ್ರವಾರ ಸಂಜೆ 4:30ಕ್ಕೆ ತಣ್ಣೀರುಬಾವಿ ಕಡಲತೀರ. ಶನಿವಾರ 9:30ಕ್ಕೆ ಪಿಲಿಕುಳ, 10:15ಕ್ಕೆ ಹುಲಿ. ಭಾನುವಾರ ಮಲ್ಪೆ, ಸೈಂಟ್ ಮೇರೀಸ್ ದ್ವೀಪ. 10:15ಕ್ಕೆ ಹುಲಿ! ಹುಲಿಗೂ ಒಂದು ಪ್ರತಿ ಕಳಿಸಿದ್ದಾರೋ ಇಲ್ಲವೋ ಎಂದು ನಮ್ಮವರು ಕೇಳಿದರು. ನಾನು ನಗು ತಡೆದುಕೊಂಡೆ. ಭಾವ ಒಳ್ಳೆಯವರೇ. ಅವರಿಗೆ ಸುಮ್ನೆ ಕೂರುವುದು ಬರುವುದಿಲ್ಲ, ಅಷ್ಟೇ.

ಅಕ್ಕನದು ಬೇರೆ ರೀತಿ. ಅವಳ ಹೆಗಲ ಬ್ಯಾಗಿನಲ್ಲಿ ಇಲ್ಲದ್ದು ಯಾವುದೂ ಇಲ್ಲ. ಓಆರ್‌ಎಸ್ ಪೊಟ್ಟಣ, ಮೂರು ಟೋಪಿ, ಸೊಳ್ಳೆ ಮುಲಾಮು, ಒದ್ದೆ ಟಿಶ್ಯೂ, ತಲಾ ಎರಡು ಜೊತೆ ಚಡ್ಡಿ. ಇದನ್ನು ತಮಾಷೆ ಮಾಡಿದವಳು ನಾನು. ಶುಕ್ರವಾರ ಸಂಜೆಯೊಳಗೆ ಚಿಕ್ಕವನಿಗೆ ನಾಲ್ಕನೇ ಚಡ್ಡಿ ಬೇಕಾಯಿತು, ನನ್ನ ಬಾಯಿ ಮುಚ್ಚಿತು. ನನಗೆ ಮಕ್ಕಳಿಲ್ಲ. ಹಾಗಾಗಿಯೇ ಇರಬೇಕು, ಮಕ್ಕಳನ್ನು ಬೆಳೆಸುವ ಬಗ್ಗೆ ನನ್ನ ಅಭಿಪ್ರಾಯಗಳು ಸ್ವಲ್ಪ ಜಾಸ್ತಿ.

ತಣ್ಣೀರುಬಾವಿಗೆ ನಾನು ಬೇಕೆಂದೇ ಸುಲ್ತಾನ್ ಬತ್ತೇರಿಯ ಕಡೆಯಿಂದ ದೋಣಿಯಲ್ಲಿ ಕರೆದುಕೊಂಡು ಹೋದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅಲ್ಲಿದೆ, ಗುರುಪುರ ನದಿಯೊಳಗೆ ಯುದ್ಧದ ಹಡಗು ನುಗ್ಗದಿರಲಿ ಎಂದು. ಮಕ್ಕಳಿಗೆ ಬುರುಜು ಬೇಡ, ದೋಣಿ ಬೇಕು. ಕೆಲವೇ ನಿಮಿಷದ ದಾರಿ. ಇಳಿದು ಗಾಳಿಮರಗಳ ನಡುವೆ ನಡೆದರೆ ಎದುರಿಗೇ ಕಡಲು. ಮಳೆಗಾಲ ಈಗಷ್ಟೇ ಮುಗಿದಿದೆ, ಅಲೆಯಲ್ಲಿ ಇನ್ನೂ ಸಿಟ್ಟು ಉಳಿದಿತ್ತು. ಮೊಣಕಾಲಿಗಿಂತ ಮುಂದೆ ಬೇಡ ಎಂದು ಇಬ್ಬರ ಕೈಯನ್ನೂ ಗಟ್ಟಿ ಹಿಡಿದುಕೊಂಡೆ. ಅಲೆ ವಾಪಸು ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿತು. ಚಿಕ್ಕವನು ಕಿರುಚಿದ: "ಚಿಕ್ಕಮ್ಮಾ, ನೆಲ ಓಡ್ತಿದೆ!"

ಆಮೇಲೆ ಅವನು ಕಂಡುಹಿಡಿದದ್ದು ಏಡಿ. ಉಗುರಿನಷ್ಟು ಸಣ್ಣ ಏಡಿಗಳು. ನೀರು ಇಳಿದ ಒದ್ದೆ ಮರಳಿನಲ್ಲಿ ಒಂದೊಂದಕ್ಕೂ ಒಂದು ತೂತು, ತೂತಿನ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಅದು ಮರಳನ್ನು ಬಾಯಿಗೆ ತುಂಬಿಕೊಂಡು, ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಪಕ್ಕಕ್ಕಿಡುತ್ತದೆ. ನಾವು ಅಲ್ಲಾಡಿದರೆ ಒಳಗೆ ಮಾಯ. ಉಸಿರು ಹಿಡಿದು ಕೂತರೆ ಮೊದಲು ಕಣ್ಣು ಹೊರಗೆ, ಆಮೇಲೆ ಕಾಲು, ಆಮೇಲೆ ಮತ್ತೆ ಕೆಲಸ ಶುರು. ಮೂರೂ ಜನ ಕುಕ್ಕರುಗಾಲಲ್ಲಿ ಕೂತುಬಿಟ್ಟೆವು. ಒಂದು ಏಡಿ ಹದಿನೇಳು ಉಂಡೆ ಇಟ್ಟಿತು. ಎಣಿಸಿದವಳು ದೊಡ್ಡವಳು. ಹದಿನೆಂಟನೆಯದು ಬರುವಷ್ಟರಲ್ಲಿ ಅಲೆ ಬಂದು ಎಲ್ಲವನ್ನೂ ಒರೆಸಿಕೊಂಡು ಹೋಯಿತು. "ಅಯ್ಯೋ, ಹೋಮ್‌ವರ್ಕ್ ಅಳಿಸಿಹೋಯ್ತು" ಎಂದಳು. ಭಾವ ಹಿಂದಿನಿಂದ ಗಡಿಯಾರ ತೋರಿಸುತ್ತಿದ್ದರು.

ಆ ಏಡಿಯ ಒಂದೇ ಒಂದು ಫೋಟೋ ನನ್ನ ಬಳಿ ಇಲ್ಲ. ದೋಣಿಯಲ್ಲಿ ನೀರು ಹಾರೀತೆಂದು ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದಿನ ಎರಡು ದಿನದ ಫೋಟೋಗಳು ಒಟ್ಟು 214. ನಿನ್ನೆ ರಾತ್ರಿ ಕೂತು ಅಳಿಸುತ್ತಾ ಎಣಿಸಿದೆ.

ಶನಿವಾರ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೆರೆ. ಹೆಸರಲ್ಲೇ ಹುಲಿ ಇರುವ ಊರಿಗೆ ಹೋಗುತ್ತಿದ್ದೇವೆ ಎಂದು ಕಾರಿನಲ್ಲಿ ನಾನೇ ಹುಮ್ಮಸ್ಸು ತುಂಬಿದ್ದೆ. ಕಾಳಿಂಗ ಸರ್ಪದ ಗಾಜಿನ ಎದುರು ದೊಡ್ಡವಳು ಅಲುಗಾಡದೆ ನಿಂತಳು. ಇದೇ ಜಾಗದಲ್ಲಿ ಕಾಳಿಂಗದ ಮರಿ ಮಾಡಿಸಿದ್ದಾರೆ, ಎಲೆ ಒಟ್ಟುಗೂಡಿಸಿ ಗೂಡು ಕಟ್ಟುವ ಹಾವು ಅದೊಂದೇ ಎಂದು ನಮ್ಮವರು ವಿವರಿಸಿದರು. "ಊಟಕ್ಕೆ ಏನು?" "ಬೇರೆ ಹಾವು." ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು.

ಹುಲಿಯ ಹತ್ತಿರ ಹೋದಾಗ ಹನ್ನೊಂದೂವರೆ. ಪಟ್ಟಿ ಕೆಟ್ಟಿತ್ತು, ಭಾವನ ಮುಖವೂ. ಹುಲಿ ಮರದ ಕೆಳಗೆ ನಮಗೆ ಬೆನ್ನು ಹಾಕಿ ಮಲಗಿತ್ತು. ಕಾಣುತ್ತಿದ್ದದ್ದು ಬೆನ್ನಿನ ಪಟ್ಟೆ, ಬಾಲದ ತುದಿ, ಒಂದು ಕಿವಿ. ನೊಣ ಕೂತಾಗ ಕಿವಿ ಮಾತ್ರ ಅಲುಗುತ್ತಿತ್ತು. ಸುತ್ತ ನೂರು ಜನ. ಒಬ್ಬ ಸಿಳ್ಳೆ ಹಾಕಿದ. ಇನ್ನೊಬ್ಬ ಚಪ್ಪಾಳೆ ಹೊಡೆದ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಗೃಹಸ್ಥರೊಬ್ಬರು ಕಾವಲಿನವರಿಗೆ, "ಸ್ವಲ್ಪ ಎಬ್ಬಿಸಿ ಮಾರಾಯ್ರೆ, ಟಿಕೆಟ್ ಮಾಡಿ ಬಂದದ್ದು ನಾವು" ಎಂದರು. ಇಂಥವರ ಮನೆಗೆ ಮಧ್ಯಾಹ್ನ ಎರಡೂವರೆಗೆ ಹೋಗಿ ಬಾಗಿಲು ಬಡಿಯಬೇಕು ಅನ್ನಿಸಿತು. ಕಾವಲಿನವರು, "ಬೊಬ್ಬೆ ಹಾಕ್ಬೇಡಿ, ಅದಕ್ಕೆ ನಿದ್ರೆ ಬಂದಿದೆ" ಎಂದಷ್ಟೇ ಹೇಳಿದರು. ನೂರು ಸಲ ಹೇಳಿದ ಧ್ವನಿ ಅದು. ಆಗಲೇ ಚಿಕ್ಕವನು ರೇಲಿಂಗಿನ ಕೆಳಗಿಂದ ತಲೆ ಎತ್ತಿ ರಜೆಯ ಬಗ್ಗೆ ಕೇಳಿದ್ದು.

"ಬನ್ನೇರುಘಟ್ಟದ ಹುಲಿಗೆ ಮಂಗಳವಾರ" ಎಂದಳು ದೊಡ್ಡವಳು. ಅದೂ ಸರಿ. ಮೈಸೂರಿನದಕ್ಕೂ ಮಂಗಳವಾರವೇ. ಮೃಗಾಲಯಗಳಲ್ಲಿ ಹುಲಿ, ಸಿಂಹಕ್ಕೆ ವಾರಕ್ಕೊಂದು ದಿನ ಮಾಂಸ ಹಾಕದೆ ಖಾಲಿ ಹೊಟ್ಟೆಯಲ್ಲಿಡುವ ಪದ್ಧತಿಯೂ ಉಂಟು. ಅದನ್ನು ಹೇಳಿದ್ದೇ ತಪ್ಪಾಯಿತು. ನಮ್ಮ ಅತ್ತೆಗೆ ಸೋಮವಾರ ಒಪ್ಪತ್ತು. ಮನೆಗೆ ಬಂದವನೇ ಚಿಕ್ಕವನು, "ಅಜ್ಜೀ, ನೀವೂ ಹುಲಿನಾ?" ಎಂದು ಕೇಳಿದ. ಅತ್ತೆಗೆ ಹಿಂದುಮುಂದು ಗೊತ್ತಿಲ್ಲ. "ಹೌದು ಮಗಾ" ಎಂದರು.

ಆ ಸಂಜೆ ನಮ್ಮ ರಸ್ತೆಗೆ ಹುಲಿವೇಷ ಬಂತು. ತಾಸೆ ವಾದ್ಯದ ಸದ್ದು ಎರಡು ತಿರುವು ಆಚೆಯಿಂದಲೇ ಎದೆಗೆ ಬಡಿಯುತ್ತದೆ. ಒಂಬತ್ತು ವರ್ಷವಾದರೂ ನನಗೆ ಕಾಲು ನಿಲ್ಲುವುದಿಲ್ಲ, ಇನ್ನು ಇಲ್ಲೇ ಹುಟ್ಟಿದವರ ಕತೆ ಕೇಳಬೇಡಿ. ಕುಣಿತ ಮುಗಿಸಿ ಒಬ್ಬ ಹುಡುಗ ನಮ್ಮ ಕಾಂಪೌಂಡಿನ ಪಕ್ಕ ನಿಂತು ಬೊಂಡ, ಅಂದರೆ ಎಳನೀರು, ಕುಡಿಯುತ್ತಿದ್ದ. ಹುಲಿಯ ತಲೆ ಕಂಕುಳಲ್ಲಿತ್ತು. ಕುತ್ತಿಗೆಯ ಹತ್ತಿರ ಬೆವರಿಗೆ ಬಣ್ಣ ಬಿರುಕು ಬಿಟ್ಟಿತ್ತು. ಬಣ್ಣ ಹಚ್ಚಿಸಿಕೊಳ್ಳುವಾಗ ಗಂಟೆಗಟ್ಟಲೆ ನಿಂತೇ ಇರಬೇಕು, ಒಣಗುವ ತನಕ ಕೈ ಮಡಚುವ ಹಾಗಿಲ್ಲ. ಆಮೇಲೆ ಊರೆಲ್ಲ ಕುಣಿತ. ಆ ಒಂದು ಬೊಂಡ ಕುಡಿಯುವಷ್ಟು ಹೊತ್ತಿನಲ್ಲಿ ಎಷ್ಟು ಜನ ಅವನ ಭುಜಕ್ಕೆ ಭುಜ ತಾಗಿಸಿ ಸೆಲ್ಫಿ ತೆಗೆದುಕೊಂಡರು! ಪ್ರತಿ ಸಲವೂ ಅವನು ಬೊಂಡ ಕೆಳಗಿಳಿಸಿ, ಉಗುರು ಎತ್ತಿ, ಹಲ್ಲು ಕಿರಿದು, ಮತ್ತೆ ಸ್ಟ್ರಾ ಬಾಯಿಗಿಡುತ್ತಿದ್ದ. ಭಾವನೂ ಮೊಬೈಲ್ ಎತ್ತಿದರು. ನನ್ನ ಚೂಡಿದಾರದ ಹಿಂದೆ ಅಡಗಿದ್ದ ಚಿಕ್ಕವನು ಓಡಿಹೋಗಿ ಅಪ್ಪನ ಕೈ ಹಿಡಿದು ಜಗ್ಗಿದ.

"ಪಪ್ಪಾ, ನೋಡ್ಬೇಡ. ಹುಲಿಗೆ ರಜೆ."

ಹುಡುಗನಿಗೆ ಕೇಳಿಸಿತು. ಅವನು ನಕ್ಕ. ಆಮೇಲೆ ನಮಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ, ಉಳಿದ ಬೊಂಡವನ್ನು ಒಂದೇ ಉಸಿರಿಗೆ ಕುಡಿದ. ಬೆಳಿಗ್ಗೆ ನೋಡಿದ ಬೆನ್ನಿನದೇ ಪಟ್ಟೆ.

ಅಲ್ಲಿಂದ ಚಿಕ್ಕವನಿಗೆ ಇದೊಂದು ಕಾನೂನು ಆಯಿತು. ಭಾನುವಾರ ಮಲ್ಪೆಯಿಂದ ದೋಣಿ ಹತ್ತಿದ್ದಷ್ಟೇ, ಅಕ್ಕ "ಪುಟ್ಟಾ, ಇಲ್ಲಿ ನೋಡು" ಎಂದರೆ ಮುಖಕ್ಕೆ ಎರಡೂ ಅಂಗೈ. "ನಂಗೆ ರಜೆ." ಅಕ್ಕನಿಗೆ ಮೊದಲು ನಗು, ಆಮೇಲೆ ಕೋಪ. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಒಂದು ಒಳ್ಳೆಯ ಫೋಟೋ ಬೇಡವೇ? ಅವಳ ಅತ್ತೆಮನೆಯ ಗ್ರೂಪಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಅವಳ ಮಾತೂ ಸುಳ್ಳಲ್ಲ. ಆದರೆ ನನ್ನನ್ನು ಕಾಡಿದ್ದು ಚಿಕ್ಕವನಲ್ಲ, ದೊಡ್ಡವಳು. ಎಂಟು ವರ್ಷಕ್ಕೇ ಅವಳಿಗೆ ಭುಜ ಹೇಗೆ ತಿರುಗಿಸಬೇಕು, ಎಷ್ಟು ನಗಬೇಕು ಎಲ್ಲ ಗೊತ್ತು. ದ್ವೀಪದ ದಂಡೆಗೆ ಇಳಿದವಳು ಕಡಲಿಗೆ ಬೆನ್ನು ಹಾಕಿ ನಿಂತು, ಕ್ಲಿಕ್ ಆದ ಕೂಡಲೇ ಓಡಿಬಂದು, "ಹೆಂಗ್ ಬಂದಿದೆ, ತೋರ್ಸು" ಎಂದಳು. ಕಡಲನ್ನು ಅವಳು ಮೊದಲು ನೋಡಿದ್ದು ಫೋನಿನೊಳಗೆ. ಮೊನ್ನೆ ಕುಕ್ಕರುಗಾಲಲ್ಲಿ ಕೂತು ಹದಿನೇಳು ಎಣಿಸಿದ ಹುಡುಗಿ ಇವಳೇನಾ ಅನ್ನಿಸಿತು. ನಾನು ಬಾಯಿ ಬಿಡಲಿಲ್ಲ. ಆ 214ರಲ್ಲಿ ಅರ್ಧದಷ್ಟು ತೆಗೆದವಳು ನಾನೇ ಅಲ್ವಾ.

ದ್ವೀಪದಲ್ಲಿ ಭಾವ ಮಕ್ಕಳನ್ನು ಕಲ್ಲಿನ ಕಂಬಗಳ ಹತ್ತಿರ ನಿಲ್ಲಿಸಿ ಪಾಠ ಶುರು ಮಾಡಿದರು. ಆರು ಮೂಲೆಯ ಕಂಬಗಳು, ಪೆನ್ಸಿಲ್‌ಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು ಆದದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲ. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಎಂಬ ಕತೆಯೂ ಇದೆ. ಭಾವ ಚೆನ್ನಾಗಿಯೇ ಹೇಳುತ್ತಾರೆ, ಅದನ್ನು ಒಪ್ಪಬೇಕು. ಚಿಕ್ಕವನು ಚಿಪ್ಪು ಹೆಕ್ಕುತ್ತಲೇ ಕೇಳಿಸಿಕೊಂಡ.

"ಆವಾಗ ನೋಡಕ್ಕೆ ಯಾರಿದ್ರು?"

"ಯಾರೂ ಇರಲಿಲ್ಲ ಕಣೋ. ಮನುಷ್ಯರೇ ಇರಲಿಲ್ಲ."

"ಅಬ್ಬಾ! ಅಷ್ಟು ದಿನ ರಜೆನಾ?"

ಭಾವನಿಗೆ ಮಾತು ನಿಂತಿತು. ಒಂದು ನಿಮಿಷ ಕಲ್ಲನ್ನೇ ನೋಡುತ್ತಾ ನಿಂತರು, ಕೈಯಲ್ಲಿ ಫೋನ್ ಇತ್ತು, ಎತ್ತಲಿಲ್ಲ. ಅವರು ಸುಮ್ನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಅತ್ತೆಯ ವಿಷಯ. ಮಲ್ಪೆಗೆ ಬನ್ನಿ ಎಂದು ಮೂರು ಸಲ ಕರೆದಿದ್ದೆ. "ನನಗೆ ಎಂತ ದ್ವೀಪ? ನೀವೆಲ್ಲ ಹೋಗಿ ಬನ್ನಿ" ಎಂದರು. ನನಗೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ಮೂರು ದಿನದಿಂದ ಏಳು ಜನರಿಗೆ ನೀರುದೋಸೆ, ಕೋರಿರೊಟ್ಟಿ, ಮೀನಿನ ಗಸಿ, ಮಕ್ಕಳಿಗೆ ಖಾರ ಇಲ್ಲದ ಪಲ್ಯ, ಎಲ್ಲವೂ ಅವರೇ. ನಾನು ಸೌಟು ಹಿಡಿದರೆ ಕೈಯಿಂದ ಕಿತ್ತುಕೊಳ್ಳುತ್ತಾರೆ. ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎಂದು ದಾರಿಯುದ್ದಕ್ಕೂ ಕೊರಗಿದೆ, ಅಕ್ಕನ ಎದುರು ನಮ್ಮವರಿಗೆ ಎರಡು ಮಾತೂ ಅಂದೆ.

ರಾತ್ರಿ ಎಂಟಕ್ಕೆ ಬಂದೆವು. ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದು ಒಂದೇ ಒಂದು ಬಟ್ಟಲು, ಒಂದು ಚಮಚ. ಗಂಜಿ, ಉಪ್ಪಿನಕಾಯಿ ಊಟ ಮಾಡಿದ್ದಾರೆ. ಹಾಲಿನಲ್ಲಿ ಫ್ಯಾನಿನ ಕೆಳಗೆ ಚಾಪೆ ಇನ್ನೂ ಹಾಗೇ ಇತ್ತು, ಪಕ್ಕದಲ್ಲಿ ರೇಡಿಯೋ. ಒಂಬತ್ತು ವರ್ಷದಲ್ಲಿ ನಾನು ಈ ಮನೆಯ ಹಾಲಿನ ಮಧ್ಯದಲ್ಲಿ ಅವರ ಚಾಪೆ ಕಂಡದ್ದೇ ಇಲ್ಲ. ಅವರ ಜಡೆ ಬಿಚ್ಚಿಕೊಂಡಿತ್ತು. ನಮ್ಮ ಸದ್ದು ಕೇಳಿ ಗಡಿಬಿಡಿಯಲ್ಲಿ ಗಂಟು ಹಾಕಿಕೊಳ್ಳುತ್ತಾ ಬಂದರು.

"ಬೇಜಾರಾಯ್ತಾ ಅತ್ತೆ?" ಎಂದು ಕೇಳಿದೆ.

"ಎಂತ ಬೇಜಾರು?" ಎಂದರು. ಮುಖ ಎಷ್ಟು ಹಗುರವಾಗಿತ್ತು ಎಂದರೆ ನನಗೆ ಮುಂದೆ ಏನೂ ಕೇಳಬೇಕು ಅನ್ನಿಸಲಿಲ್ಲ. ಅಷ್ಟರಲ್ಲಿ ಅವರ ಕೈ ಚಾಪೆ ಸುತ್ತಿ ಮೂಲೆಗಿಟ್ಟು ಆಗಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೇ ಅವರೆಲ್ಲ ಹೊರಟರು. ಅಕ್ಕನ ಬ್ಯಾಗು ಬಂದದ್ದಕ್ಕಿಂತ ದಪ್ಪವಾಗಿತ್ತು, ಹಪ್ಪಳ, ಬನ್ಸ್, ಚಿಪ್ಪು ಎಲ್ಲ ಸೇರಿ. ಅತ್ತೆಗೆ ಒಪ್ಪತ್ತು, ನನಗೆ ಆಫೀಸು. ಹತ್ತೂವರೆಗೆ ಸಕಲೇಶಪುರ ದಾಟಿ ತಿಂಡಿಗೆ ನಿಂತಿದ್ದೇವೆ ಎಂದು ಅಕ್ಕ ಫೋನ್ ಮಾಡಿದಳು. ಚಿಕ್ಕವನು ಕಿತ್ತುಕೊಂಡ.

"ಚಿಕ್ಕಮ್ಮಾ, ಇವತ್ತು ಸೋಮವಾರ ಅಲ್ವಾ?"

"ಹೌದು ಕಣೋ ಪುಟ್ಟಾ!" ನಾನು ಸ್ವಲ್ಪ ಜೋರಾಗಿಯೇ ಹೇಳಿರಬೇಕು.

"ಶ್! ಮೆತ್ತಗೆ ಮಾತಾಡು."