ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ನಮ್ಮಂಥವರಿಗೇನು ಸಿಕ್ಕಿತು?

ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಜಮ್‌ಶೆಟ್‌ಜಿ ಟಾಟಾ ಹಣ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆದರೆ 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ, ಅಂದರೆ ಇಲ್ಲಿನ ಜನ. ಇಂದು ಅದರ ಖರ್ಚಿನ ದೊಡ್ಡ ಪಾಲು ಬರುವುದು ಕೇಂದ್ರ ಸರ್ಕಾರದಿಂದ.

1942ರಲ್ಲಿ ವಿಮಾನ ಎಂಜಿನಿಯರಿಂಗ್ ಕಲಿಸಲು ಶುರುಮಾಡಿದ್ದು, ಸತೀಶ್ ಧವನ್ ಇಲ್ಲಿ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ಮುನ್ನಡೆಸಿದ್ದು, ಇವೆಲ್ಲ ದೇಶಕ್ಕಾದ ಲಾಭ. ಕೇಳುವವರಿಗೆ ಬೇಕಾದದ್ದು ಮನೆ ಬಾಗಿಲಿನ ಲೆಕ್ಕ. ಅದು ಸಿಗುವುದು ಕುಣಿಗಲ್ ತಾಲ್ಲೂಕಿನಲ್ಲಿ.

1974ರಲ್ಲಿ ಸಂಸ್ಥೆಯ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿಯೇ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. 1909ರಲ್ಲಿ ಆರಂಭವಾದ ಸಂಸ್ಥೆಗೆ ಇದು 65 ವರ್ಷ ತಡ, ಮತ್ತು ಆ ತಡವನ್ನು ಮರೆಮಾಚುವ ಅಗತ್ಯವಿಲ್ಲ. ಈ ಘಟಕದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಉದ್ದೇಶ ಅಡುಗೆ ಅನಿಲ. ಆದರೆ ಎಲ್ಲ ಮನೆಗಳ ಒಲೆಗೆ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಜನರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ, ಜೊತೆಗೆ ಸ್ವಲ್ಪ ಡೀಸೆಲ್ ಬಳಸಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಹಾಕಿದರು. ಸಗಣಿ ತಂದವರಿಗೆ ದುಡ್ಡು ಸಿಗುತ್ತಿತ್ತು, ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಮರಳಿ ಹೋಗುತ್ತಿತ್ತು. ಪ್ರಯೋಗಾಲಯದವರು ತಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡದ್ದರಿಂದ ಕೆಲಸ ಕೈಗೂಡಿತು. ಈ ಸಂಸ್ಥೆಯ ಸಾರ್ವಜನಿಕ ಬದುಕಿನಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೇ.

ಗೋಡೆ ಕಟ್ಟಲು ಬಳಸುವ ಸುಡದ ಮಣ್ಣಿನ ಬ್ಲಾಕ್ ಕೂಡ ‘ಅಸ್ತ್ರ’ದಲ್ಲಿ ಪಳಗಿದ ವಿದ್ಯೆ. ಇಟ್ಟಿಗೆ ಗೂಡಿಗೆ ಹೋಗುವ ಸೌದೆ ಉಳಿಯುತ್ತದೆ. ಮಣ್ಣಿನಲ್ಲಿ ಮರಳು ಶೇಕಡಾ 65ರ ಆಸುಪಾಸು, ಜೇಡಿ 10ರಿಂದ 15 ಇರಬೇಕು. ತೂಕದಲ್ಲಿ ಶೇಕಡಾ 6ರಿಂದ 8 ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಬೇಕು. ಮಣ್ಣು ಹೇಗಿದೆಯೆಂದು ನೋಡಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು, ಅದರ ಮೇಲೆ ಹೂಳು, ಮರುದಿನದ ಹೊತ್ತಿಗೆ ಜೇಡಿ. ಪದರಗಳನ್ನು ಅಳೆದರೆ ಅಂದಾಜು ಸಿಗುತ್ತದೆ. ಕಲಸಿದ ಮಣ್ಣಿನ ಉಂಡೆಯನ್ನು ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕೈದು ತುಂಡಾದರೆ ನೀರು ಸರಿ. ಪುಡಿಯಾದರೆ ಕಡಿಮೆ, ಮುದ್ದೆಯಾಗಿ ಕೂತರೆ ಹೆಚ್ಚು.

ಕೆಡುವುದು ಹೆಚ್ಚಾಗಿ ಆಮೇಲೆ. ಒತ್ತಿದ ಬ್ಲಾಕನ್ನು ಬಿಸಿಲಿಗೆ ಹಾಕಿಬಿಡುತ್ತಾರೆ. ಸಿಮೆಂಟ್ ಗಟ್ಟಿಯಾಗಲು ನೀರು ಬೇಕು, ಆದ್ದರಿಂದ ಹುಲ್ಲು ಅಥವಾ ಗೋಣಿಚೀಲ ಮುಚ್ಚಿ ಮೂರ್ನಾಲ್ಕು ವಾರ ತೇವ ಕಾಯಬೇಕು. ನೀರು ಹಾಕಿ ಕಲಸಿದ್ದನ್ನು ಗಂಟೆಗಟ್ಟಲೆ ಬಿಟ್ಟರೂ ಸಿಮೆಂಟ್ ಅಲ್ಲೇ ಹಿಡಿದುಕೊಂಡು ಬ್ಲಾಕ್ ಸಡಿಲವಾಗುತ್ತದೆ. ಎರೆಮಣ್ಣಾದರೆ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಮರಳು, ಸುಣ್ಣ ಸೇರಿಸದೆ ಅದನ್ನು ಬಳಸಕೂಡದು.

ಇಂಥ ಜ್ಞಾನ ನಿಮ್ಮ ಕೈಗೆ ಬರುವ ದಾರಿಗಳೂ ಇವೆ. ವರ್ಷಕ್ಕೊಮ್ಮೆ ಓಪನ್ ಡೇ ದಿನ ಪ್ರಯೋಗಾಲಯಗಳು ಎಲ್ಲರಿಗೂ ತೆರೆದಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವುದು ಸರಿಯೇ, ಆದರೆ ನಿಮ್ಮ ಊರಿನ ಸಮಸ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿನ ಪಿಎಚ್‌ಡಿ ಪ್ರಬಂಧಗಳ ಸಂಗ್ರಹ ಅಂತರ್ಜಾಲದಲ್ಲಿದೆ. ಅವು ಇಂಗ್ಲಿಷಿನಲ್ಲಿರುವುದು ನಿಜವಾದ ಅಡ್ಡಿ. ಊರಿನ ಶಿಕ್ಷಕರನ್ನು ಜೊತೆಗೆ ಕೂರಿಸಿಕೊಂಡು ಸಾರಾಂಶ ಮತ್ತು ಕೊನೆಯ ಅಧ್ಯಾಯವನ್ನಾದರೂ ಓದಿ.

ಇನ್ನೊಂದು ದಾರಿ ಮಾಹಿತಿ ಹಕ್ಕು. ಕೇಂದ್ರದ ಸಂಸ್ಥೆಯಾದ್ದರಿಂದ ಅರ್ಜಿ ಶುಲ್ಕ ₹10, ಉತ್ತರಕ್ಕೆ ಗಡುವು 30 ದಿನ. ಸಂಸ್ಥೆಯವರು ನಿಮ್ಮೂರಿನ ಕೆರೆಯನ್ನು ಪರೀಕ್ಷಿಸಿದ್ದಾರೆ ಎನ್ನಿ. ‘ಈ ಕೆರೆಯ ನೀರು ಕುಡಿಯಬಹುದೇ?’ ಎಂದು ಕೇಳಿದರೆ ಪ್ರಯೋಜನವಿಲ್ಲ, ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ಕೆರೆಯ ಹೆಸರು, ತಾಲ್ಲೂಕು, ವರ್ಷ ಬರೆದು, ‘ಈ ಕೆರೆಯ ಬಗ್ಗೆ ಸಲ್ಲಿಸಿದ ವರದಿಯ ಪ್ರತಿ ಕೊಡಿ’ ಎಂದು ಕೇಳಿ. ಗಡುವು ಮುಗಿದರೂ ಉತ್ತರ ಬಾರದಿದ್ದರೆ, ಆ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು.