ಈ ಬಾರ್ಡರ್‌ಗೆ ಯಾವ ಮಷೀನು?

"ಅಕ್ಕ, ಈ ಬಾರ್ಡರ್ ಯಾವ ಮಷೀನಲ್ಲಿ ಮಾಡಿದ್ದು?" ಫೋಟೊ ಅಂಟಿಸಿ, ಪುಟದಂಚಿಗೆ ಕಾಗದ ಕತ್ತರಿಸಿದ ಬಾರ್ಡರ್ ಹಾಕಿದ ನನ್ನ ಸ್ಕ್ರ್ಯಾಪ್‌ಬುಕ್ ತಿರುವಿ ಹಾಕುವವರು ಫೋಟೊಗಳ ಬಗ್ಗೆ ಒಂದು ಮಾತೂ ಆಡದೆ ಮೊದಲು ಕೇಳುವುದು ಇದನ್ನೇ. ಮಷೀನ್ ಇಲ್ಲ ಅಂದರೆ ಮುಂದಿನ ಪ್ರಶ್ನೆ ರೆಡಿ: "ಹಾಗಾದ್ರೆ ಯಾವ ಡಿಸೈನ್ ಪಂಚು? ಲಿಂಕ್ ಕಳಿಸಿ." ಕಳಿಸುವುದಕ್ಕೆ ಲಿಂಕೇ ಇಲ್ಲ. ಚೂಪಾದ ಒಂದು ಕತ್ತರಿ, ಸ್ಟೀಲ್ ಸ್ಕೇಲು, ಕಟ್ಟರ್, ಫೈಲಿಗೆ ಹಾಕುವ ಹಾಳೆಗೆ ತೂತು ಹೊಡೆಯುವ ಸಾಮಾನ್ಯ ಪಂಚು, ಗ್ಲೂ ಸ್ಟಿಕ್, ಒಂದು ರೂಪಾಯಿ ನಾಣ್ಯ. ಮನೆಯಲ್ಲಿ ಈಗಾಗಲೇ ಇರುವ ಸಾಮಾನುಗಳೇ. ಕೆಲಸದ ಮುಕ್ಕಾಲು ಪಾಲು ಕತ್ತರಿಯದ್ದೂ ಅಲ್ಲ, ಮಡಿಕೆಯದ್ದು.

ಬಾರ್ಡರ್ ಚೆಂದ ಕಾಣುವುದು ಒಂದೇ ಆಕಾರ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದಾಗ. ಆಕಾರ ಎಷ್ಟೇ ಸರಳವಾಗಿರಲಿ, ಪರವಾಗಿಲ್ಲ. ಅಂತರ ಎರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರೆ ಆ ತಪ್ಪು ನುಸುಳಿಯೇ ನುಸುಳುತ್ತದೆ; ಮಡಚಿದರೆ ಅಳತೆಯ ಗೊಡವೆಯೇ ಇಲ್ಲ.

ಎ4 ಹಾಳೆಯ ಉದ್ದದ ಕಡೆಯಿಂದ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಳ್ಳಿ. ಉದ್ದ 29.7 ಸೆಂ.ಮೀ. ಅದನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧ, ಮತ್ತೆ, ಮತ್ತೆ. ನಾಲ್ಕು ಸಲಕ್ಕೆ 16 ಮನೆಗಳಾದವು, ಒಂದೊಂದೂ ಸುಮಾರು 18.6 ಮಿ.ಮೀ. ಸ್ಕೇಲು ಮುಟ್ಟಲೇ ಇಲ್ಲ. ಇಲ್ಲೇ ಬಹಳ ಜನ ಆತುರಪಟ್ಟು ಕತ್ತರಿ ಹಾಕುತ್ತಾರೆ. ಒಂದರೊಳಗೊಂದು ಸಿಕ್ಕಿಕೊಂಡ ಪದರಗಳಲ್ಲಿ ಒಳಗಿನವು ಸ್ವಲ್ಪ ಆಚೆಗೆ ಜರುಗಿರುತ್ತವೆ, ಹಾಗಾಗಿ ಬಿಡಿಸಿದಾಗ ಒಂದು ಹೂವು ದೊಡ್ಡದು, ಇನ್ನೊಂದು ಸಣ್ಣದು. ಪಟ್ಟಿಯನ್ನು ಪೂರ್ತಿ ಬಿಡಿಸಿ, ಅದೇ ಗೆರೆಗಳ ಮೇಲೆ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ, ಬೀಸಣಿಗೆ ಮಡಿಕೆಯಾಗಿ ಮಡಚಿಕೊಳ್ಳಿ. ಕೆಲವು ಗೆರೆಗಳನ್ನು ಉಲ್ಟಾ ಮಡಚಬೇಕಾಗುತ್ತದೆ, ಅಷ್ಟೇ. ಬಟ್ಟೆ ಒಣಗಿಸುವ ಕ್ಲಿಪ್ ಒಂದನ್ನು ಹಾಕಿದರೆ ಕಟ್ಟು ಅಲುಗುವುದಿಲ್ಲ.

ಈಗ ನಾಣ್ಯ. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ಅಡ್ಡಳತೆ ಸುಮಾರು 22 ಮಿ.ಮೀ., ಪಟ್ಟಿಯ ಮನೆಗಿಂತ ಚೂರು ದೊಡ್ಡದು. ಎರಡೂ ಬದಿಗೆ ಸಮನಾಗಿ ಆಚೆ ಚಾಚುವಂತೆ ಮೇಲಂಚಿನಲ್ಲಿಟ್ಟು ಕಮಾನು ಬರೆದು ಕತ್ತರಿಸಿದರೆ ಸುಮಾರು ಐದು ಮಿ.ಮೀ. ಉಬ್ಬಿನ ಅಲೆ ಬರುತ್ತದೆ, ಪಕ್ಕಪಕ್ಕದ ಅಲೆಗಳು ಸರಿಯಾಗಿ ಮಡಿಕೆಯ ಗೆರೆಯಲ್ಲೇ ಸೇರುತ್ತವೆ. ಕತ್ತರಿಸುವಾಗ ಕತ್ತರಿ ಹಿಡಿದ ಕೈ ನಿಂತಲ್ಲೇ ಇರಲಿ, ತಿರುಗಬೇಕಾದ್ದು ಕಾಗದ. ಅಲೆಯ ಕೆಳಗೆ ತೂತು ಬೇಕೆಂದರೆ ಪಂಚಿನ ತಳದ ಡಬ್ಬಿ ಕಳಚಿ, ಪಂಚನ್ನು ತಲೆಕೆಳಗು ಹಿಡಿಯಿರಿ. ತೂತು ಎಲ್ಲಿ ಬೀಳುತ್ತದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಮಡಿಕೆಯ ಅಂಚು ತೂತಿನ ಸರಿ ಮಧ್ಯಕ್ಕೆ ಬರುವಂತಿಟ್ಟು ಒತ್ತಿದರೆ ಅರ್ಧವೃತ್ತ ಕತ್ತರಿಸಿ, ಬಿಡಿಸಿದಾಗ ಪೂರ್ತಿ ವೃತ್ತವಾಗುತ್ತದೆ. ಇನ್ನೊಂಚೂರು ಒಳಗೆ ತಳ್ಳಿದರೆ ಎಂಟರ ಆಕಾರ, ಅದೂ ಚೆನ್ನಾಗಿಯೇ ಇರುತ್ತದೆ. ಹದಿನಾರೂ ಪದರಕ್ಕೆ ಒಟ್ಟಿಗೆ ಪಂಚು ಹಾಕಲು ಹೋಗಬೇಡಿ, ನಾಲ್ಕು ನಾಲ್ಕಾಗಿ ಮಾಡಿ. ತೂತು ಮೊದಲು, ಹೊರಗಿನ ಅಂಚು ಕೊನೆಗೆ. ಮಡಿಕೆಯ ಗೆರೆಯನ್ನು ಮೇಲಿಂದ ಕೆಳಗಿನವರೆಗೆ ಕತ್ತರಿಸಿಬಿಟ್ಟರೆ ಪಟ್ಟಿ ಹೋಗಿ ತುಂಡುಗಳು ಉಳಿಯುತ್ತವೆ ಎನ್ನುವುದು ಒಂದು ನೆನಪಿರಲಿ.

ಕಾಗದದ ವಿಷಯಕ್ಕೆ ಬಂದರೆ, ಜೆರಾಕ್ಸ್‌ಗೆ ಹಾಕುವ 70–80 ಜಿಎಸ್‌ಎಂ ಹಾಳೆಯ ದಪ್ಪದ ಬಣ್ಣದ ಕಾಗದ ಮಡಿಕೆಗೆ ಹೇಳಿ ಮಾಡಿಸಿದ್ದು. ಚಾರ್ಟ್ ಪೇಪರ್ ಅಷ್ಟು ಪದರಕ್ಕೆ ಬಗ್ಗುವುದಿಲ್ಲ. ಗಾಳಿಪಟದ ಕಾಗದ ನನಗೆ ಬಲು ಇಷ್ಟ, ಆದರೆ ಕತ್ತರಿಯ ಬಾಯಲ್ಲಿ ಜಾರುತ್ತದೆ. ಎರಡು ಸಾದಾ ಹಾಳೆಗಳ ನಡುವೆ ಇಟ್ಟು ಒಟ್ಟಿಗೇ ಕತ್ತರಿಸಿದರೆ ಮಾತು ಕೇಳುತ್ತದೆ. ನೀರು ಸೋಕಿದರೆ ಅದರ ಬಣ್ಣ ಬಿಡುತ್ತದೆ, ಹಾಗಾಗಿ ಅದಕ್ಕೆ ಬಿಳಿ ಗೋಂದು ಬೇಡ, ಗ್ಲೂ ಸ್ಟಿಕ್ಕೇ ಸರಿ. ದಪ್ಪ ಕಾಗದ ಪುಕ್ಕಟೆ ಬೇಕೆಂದರೆ ಹಳೆಯ ಲಗ್ನಪತ್ರಿಕೆಗಳಿವೆಯಲ್ಲ! ಒಂದು ಬದಿ ಬರಹ ಇದ್ದರೂ ಇನ್ನೊಂದು ಬದಿ ಸಾಮಾನ್ಯವಾಗಿ ಖಾಲಿ.

ಕಾಗದಕ್ಕೂ ಎಳೆಯ ದಿಕ್ಕು ಇರುತ್ತದೆ. ಮಷೀನಿನಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಅದು ಓಡುವ ದಿಕ್ಕಿಗೇ ಮಲಗಿಕೊಳ್ಳುತ್ತವೆ. ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ನೆಟ್ಟಗೆ ಬರುತ್ತದೆ; ಅಡ್ಡಕ್ಕೆ ಹರಿದರೆ ಅಂಕುಡೊಂಕು. ಮಡಿಕೆ ಆ ನಾರಿನ ದಿಕ್ಕಿನಲ್ಲೇ ಬಿದ್ದರೆ ಗೆರೆ ನೀಟು, ಅಡ್ಡ ಬಿದ್ದರೆ ದಪ್ಪ ಕಾಗದ ಸೀಳಿದಂತಾಗುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಕಡೆ ಮಡಿಕೆ ಹಾಕಿ.

"ಡಿಸೈನ್ ಎಲ್ಲಿಂದ ತಗೋತೀರ?" ಅನ್ನುವುದು ಇದರ ಬಾಲದಂತಿರುವ ಪ್ರಶ್ನೆ. ಬೀರುವಿನಿಂದ! ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ಸೆರಗು ತೆಗೆದು ನೋಡಿ. ಕೆಂಪಿನ ಮೇಲೆ ಬಿಳಿಯ ಹಣಿಗೆ ಹಲ್ಲುಗಳು, ಕೋಟೆಯ ತೆನೆಗಳು. ಎಲ್ಲ ನೇರ ಗೆರೆ. ಮಗ್ಗದಲ್ಲಿ ನೇರ ಗೆರೆ ಸುಲಭ, ಕತ್ತರಿಗೂ ಅದೇ ಸುಲಭ. ಹಣಿಗೆಗಂತೂ ಮಡಿಕೆಯ ಮೇಲೊಂದು ಕಿರಿದಾದ ಉದ್ದನೆಯ ಕಚ್ಚು ಸಾಕು. ರೇಷ್ಮೆ ಸೀರೆಯ ಗೋಪುರದ ಅಂಚಿಗೆ ಎರಡು ಓರೆ ಕತ್ತರಿಕೆ. ಇನ್ನೊಂದು ಕಲಿಯಬೇಕಾದದ್ದು, ಸೀರೆಯಲ್ಲಿ ದೊಡ್ಡ ಅಂಚು ಒಂಟಿಯಾಗಿರುವುದು ಅಪರೂಪ. ಪಕ್ಕದಲ್ಲಿ ತೆಳ್ಳನೆಯ ಗೀಟೊಂದು ಇರುತ್ತದೆ. ಹಲ್ಲಿನ ಪಟ್ಟಿಯ ಪಕ್ಕ ಮೂರು ಮಿ.ಮೀ. ಅಗಲದ ಸಾದಾ ಪಟ್ಟಿ ಅಂಟಿಸಿ ನೋಡಿ, ಪುಟದ ಕಳೆಯೇ ಬದಲಾಗುತ್ತದೆ.

ಒಂದೇ ಕಡೆ ಬಾಗಿದ ಮಾವಿನಕಾಯಿ ಮಾತ್ರ ಮಡಿಕೆಯಲ್ಲಿ ಬರುವುದಿಲ್ಲ. ಬೀಸಣಿಗೆ ಮಡಿಕೆ ಪಕ್ಕದ ಮನೆಗೆ ಕನ್ನಡಿಯ ಬಿಂಬವನ್ನೇ ಕೊಡುತ್ತದೆ. ಮಾವಿನಕಾಯಿಗಳು ಎದುರುಬದುರು ಮುಖ ಮಾಡಿ ಕೂರುತ್ತವೆ. ಒಂದೇ ಸಾಲಿನಲ್ಲಿ ಮರುಕಳಿಸುವ ವಿನ್ಯಾಸಗಳು, ಆಕಾರ ಬಿಟ್ಟು ಮರುಕಳಿಸುವ ರೀತಿಯನ್ನಷ್ಟೇ ನೋಡಿದರೆ, ಒಟ್ಟು 7 ಬಗೆ ಎಂದು ಗಣಿತ ಹೇಳುತ್ತದೆ. ಬೀಸಣಿಗೆ ಮಡಿಕೆ ಅದರಲ್ಲಿ ಒಂದನ್ನು ಕೊಡುತ್ತದೆ, ಮೊದಲು ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿಕೊಂಡರೆ ಇನ್ನೊಂದನ್ನು. ಮಿಕ್ಕವು ಬೇಕಾದರೆ ಸಣ್ಣ ಕಾಗದಗಳನ್ನು ಒಂದರ ಮೇಲೊಂದಿಟ್ಟು, ಬಿಸಾಡುವ ಮೂಲೆಗೆ ಪಿನ್ ಹೊಡೆದು, ಬಿಡಿಬಿಡಿಯಾಗಿ ಕತ್ತರಿಸಿ ಸಾಲಾಗಿ ಅಂಟಿಸಬೇಕು. ತಾಳ್ಮೆ ಇದ್ದವರಿಗೆ.

ಮಡಿಕೆಯ ಗೆರೆ ಬೆಳಕಿಗೆ ಎದ್ದು ಕಾಣುತ್ತದೆ ಎನ್ನುವ ದೂರಿದೆ, ನಿಜವೇ. ಮೇಲೊಂದು ಹಾಳೆ ಇಟ್ಟು ಚಮಚದ ಬೆನ್ನಿನಿಂದ ತೀಡಿ, ರಾತ್ರಿಯೆಲ್ಲ ದಪ್ಪ ಪುಸ್ತಕದಡಿ ಇಡಿ. ಇಲ್ಲವೇ ಎರಡು ಬಣ್ಣದ ಪಟ್ಟಿಗಳನ್ನು ಅರ್ಧ ಮನೆಯಷ್ಟು ಜರುಗಿಸಿ ಒಂದರ ಮೇಲೊಂದು ಅಂಟಿಸಿ. ಒಂದರ ಅಲೆಗಳ ಸಂದಿಯಲ್ಲಿ ಇನ್ನೊಂದರ ಅಲೆ ಇಣುಕುವಾಗ ಗೆರೆಯನ್ನು ಯಾರೂ ನೋಡುವುದಿಲ್ಲ. ಅಂಟು ಬುಡಕ್ಕಷ್ಟೇ ಸಾಕು, ಅಂಚು ಸ್ವಲ್ಪ ಎದ್ದಿದ್ದರೆ ನೆರಳು ಬಿದ್ದು ಇನ್ನೂ ಚೆನ್ನ.

12 ಇಂಚಿನ ಚೌಕ ಆಲ್ಬಮ್ ಕೊಂಡವರಿಗೊಂದು ಮಾತು. 12 ಇಂಚು ಅಂದರೆ 30.5 ಸೆಂ.ಮೀ., ಎ4 ಪಟ್ಟಿ ಎಂಟು ಮಿ.ಮೀ. ಗಿಡ್ಡ ಬೀಳುತ್ತದೆ. ತೇಪೆ ಹಾಕಬೇಡಿ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಮಿ.ಮೀ. ಬಿಡಿ, ಬೇಕೆಂದೇ ಬಿಟ್ಟಂತೆ ಕಾಣುತ್ತದೆ. ನಾಲ್ಕೂ ಕಡೆ ಬಾರ್ಡರ್ ಹಾಕುವುದು ನನಗೆ ಸೇರುವುದಿಲ್ಲ. ಮೂಲೆಯಲ್ಲಿ ವಿನ್ಯಾಸ ಕೂಡಿಸುವುದು ತಲೆನೋವು, ಕೂಡಿಸಿದರೂ ಪುಟ ಲಗ್ನಪತ್ರಿಕೆಯಂತಾಗುತ್ತದೆ. ಕೆಳಗೊಂದು, ಹೆಚ್ಚೆಂದರೆ ಎಡಕ್ಕೊಂದು.

ಹಾಗಂತ ಡಿಸೈನ್ ಪಂಚು ಕೊಳ್ಳುವವರು ದಡ್ಡರೆಂದೇನಲ್ಲ. ದುಡ್ಡಿಗೆ ಆಲ್ಬಮ್ ಮಾಡಿಕೊಡುವವರು, ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಒಂದೇ ಪಿರಿಯಡ್‌ನಲ್ಲಿ ಮಾಡಿಸಬೇಕಾದವರು ಕೊಳ್ಳಲಿ, ಸಮಯ ಉಳಿಯುತ್ತದೆ. ಆದರೆ ಪಂಚಿನಲ್ಲಿರುವ ವಿನ್ಯಾಸ ಒಂದೇ, ಮೂರನೇ ಪುಟಕ್ಕೆ ಅದು ಬೇಜಾರು ಬರುತ್ತದೆ. ಆ ದುಡ್ಡಿದ್ದರೆ ನಾನಾದರೆ ಒಳ್ಳೆಯ ಕತ್ತರಿ ಕೊಂಡು, ಅದನ್ನು ಅಡುಗೆಮನೆಯವರ ಕೈಗೆ ಸಿಗದಂತೆ ಬಚ್ಚಿಡುತ್ತೇನೆ.