ನಾನು ಮೆಲ್ಲಗೆ ಒತ್ತಿ ನೋಡದ ಕೀ

ಬೆಂಗಳೂರಿನಲ್ಲಿ ಪಿಯಾನೋಗಳ ಶ್ರುತಿ ಕೂಡಿಸುವುದು ನನ್ನ ಕೆಲಸ. ಹೆಚ್ಚಿನ ದಿನಗಳು ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳ ಮನೆಗಳಲ್ಲಿ, ಮಕ್ಕಳು ಪರೀಕ್ಷೆಗೆ ಅಭ್ಯಾಸ ಮಾಡುವ ಹಳೆಯ ಪಿಯಾನೋಗಳ ಮುಂದೆ ಕಳೆಯುತ್ತವೆ. ಸಭಾಂಗಣದ ಗ್ರ್ಯಾಂಡ್ ಪಿಯಾನೋ ಕೈಗೆ ಬರುವುದು ಅಪರೂಪ. ಅದನ್ನು ಸಂಜೆ ನುಡಿಸುವವರ ಬದುಕು ಎಂಥದ್ದೆಂದು ನನಗೆ ಅರ್ಥವಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ನಮ್ಮ ವೀಣೆಯವರು ಬಿರಡೆ ತಿರುಗಿಸಿ ತಾವೇ ಶ್ರುತಿ ಮಾಡಿಕೊಳ್ಳುತ್ತಾರೆ. ಮೃದಂಗದವರು ಎಡಗಡೆಗೆ ರವೆ ಮೆತ್ತಿ, ಬಲಗಡೆಯನ್ನು ಕಲ್ಲಿನಿಂದ ತಟ್ಟಿ, ಸಭಿಕರ ಎದುರೇ ವಾದ್ಯವನ್ನು ಹದಕ್ಕೆ ತರುತ್ತಾರೆ. ಪಿಯಾನೋ ವಾದಕರಿಗೆ ಆ ಭಾಗ್ಯವಿಲ್ಲ. 88 ಕೀಗಳ ಹಿಂದೆ ಸುಮಾರು 230 ತಂತಿಗಳಿರುತ್ತವೆ. ಅವೆಲ್ಲವುಗಳ ಎಳೆತ ಸೇರಿದರೆ ಹದಿನೆಂಟು, ಇಪ್ಪತ್ತು ಟನ್ ಆಗುತ್ತದೆ. ದೊಡ್ಡ ಗ್ರ್ಯಾಂಡ್ ಪಿಯಾನೋ ಅರ್ಧ ಟನ್ನಿನಷ್ಟು ತೂಗುತ್ತದೆ. 1986ರಲ್ಲಿ ಮಾಸ್ಕೋದಲ್ಲಿ ನುಡಿಸಲು ಹೋದ ಪ್ರಸಿದ್ಧ ಪಿಯಾನೋ ವಾದಕ ಹೊರೊವಿಟ್ಸ್ ತಮ್ಮ ಸ್ವಂತ ಪಿಯಾನೋವನ್ನೇ ಜೊತೆಗೆ ಒಯ್ದಿದ್ದರು. ಅಷ್ಟು ದೊಡ್ಡ ಹೆಸರಿಲ್ಲದವರು ಹೋದ ಊರಿನಲ್ಲಿ ಇರುವುದನ್ನೇ ನುಡಿಸಬೇಕು. ತಿಂಗಳುಗಟ್ಟಲೆ ಮನೆಯ ವಾದ್ಯದ ಮೇಲೆ ಸಾಧನೆ ಮಾಡಿ, ಗಂಟೆಗಳಷ್ಟು ಸಂಗೀತವನ್ನು ಕಂಠಪಾಠ ಮಾಡಿಕೊಂಡು ಬಂದವರು, ಸಂಜೆ ಒಂದು ಅಪರಿಚಿತ ವಾದ್ಯವನ್ನು ನಂಬಿ ವೇದಿಕೆ ಹತ್ತುತ್ತಾರೆ. ಆ ನಂಬಿಕೆಯನ್ನು ಉಳಿಸುವ ಹೊಣೆ ನನ್ನದು.

ಅದೊಂದು ಜುಲೈ, ಸಭಾಂಗಣದಲ್ಲಿ ಪಿಯಾನೋ ಕಛೇರಿಯ ದಿನ. ವಾರವಿಡೀ ಜಿಟಿಜಿಟಿ ಮಳೆ. ಮಳೆಗಾಲದ ತೇವ ಪಿಯಾನೋಗೆ ಎರಡು ಕಡೆ ತಗಲುತ್ತದೆ: ತಂತಿಗಳ ಕೆಳಗಿನ ಮರದ ಹಲಗೆ ಉಬ್ಬಿ ಶ್ರುತಿ ಏರುತ್ತದೆ, ಕೀಗಳ ಒಳಗಿನ ಫೆಲ್ಟ್ ಬಟ್ಟೆ ಊದಿಕೊಂಡು ಅವುಗಳ ಚಲನೆ ಬಿಗಿಯಾಗುತ್ತದೆ. ಮೊದಲನೆಯದರ ಮೇಲೆ ನಾನು ಮೂರು ಗಂಟೆ ಬೆವರು ಸುರಿಸಿದೆ. ಮೇಲಿನ ಸ್ವರಗಳಲ್ಲಿ ಒಂದೊಂದಕ್ಕೂ ಮೂರು ತಂತಿ. ಮೂರೂ ಒಂದೇ ತಂತಿಯಂತೆ ನುಡಿಯುವವರೆಗೆ ಬಿಡಲಿಲ್ಲ. ಎರಡನೆಯದು ಸರಿಯಿದೆ ಎಂದುಕೊಂಡೆ. ಏಕೆಂದರೆ ಪ್ರತಿಯೊಂದು ಕೀಯನ್ನೂ ಹೊಡೆದು ನೋಡಿದ್ದೆ, ಎಲ್ಲವೂ ನುಡಿದಿದ್ದವು.

ವಾದಕಿ ಅರವತ್ತು ದಾಟಿದವರು. ವಿಮಾನ ತಡವಾಗಿ, ಅವರಿಗೆ ಪಿಯಾನೋ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಸಂಜೆ ಅವರು ಆರಂಭಿಸಿದ್ದು ಆಸ್ಟ್ರಿಯಾದ ಸಂಗೀತಕಾರ ಶೂಬರ್ಟ್‌ನ ಕೊನೆಯ ಪಿಯಾನೋ ಸೊನಾಟಾದಿಂದ, ಅಂದರೆ ಹಲವು ಭಾಗಗಳ ಒಂದು ದೀರ್ಘ ಕೃತಿಯಿಂದ. 1828ರ ಸೆಪ್ಟೆಂಬರಿನಲ್ಲಿ ಅದನ್ನು ಮುಗಿಸಿದ ಶೂಬರ್ಟ್ ನವೆಂಬರಿನಲ್ಲಿ ತೀರಿಕೊಂಡ, ಇನ್ನೂ ಮೂವತ್ತೊಂದು ವರ್ಷ. ಬಹಳ ಮೆದುವಾಗಿ ಒಂದು ರಾಗ ಸಾಗುತ್ತದೆ. ಅದು ನಿಲ್ಲುವ ಹೊತ್ತಿಗೆ ಎಡಗೈಯ ತೀರ ಕೆಳಗಿನ ಸ್ವರಗಳಲ್ಲಿ ಒಂದು ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ವೇಗದ ಕಂಪನ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದಾಗಿ ಬರುತ್ತದೆ. ಆಮೇಲೆ ಮೌನ.

ಆ ಟ್ರಿಲ್ ಮುರಿಯಿತು. ಎರಡು ಸಲ ನುಡಿದು, ಒಂದು ಕೀ ಮೇಲೇಳದೆ ಉಳಿಯಿತು. ನಂತರದ ಮೌನದಲ್ಲಿ ಅಡಗಿಕೊಳ್ಳಲು ಅದಕ್ಕೆ ಜಾಗವೇ ಇರಲಿಲ್ಲ. ಆ ಟ್ರಿಲ್ ಕೃತಿಯಲ್ಲಿ ಮತ್ತೆ ಮತ್ತೆ ಮರಳುತ್ತದೆ. ಪ್ರತಿ ಸಲವೂ ನಾನು ಪರದೆಯ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಅವರು ಅದನ್ನು ಸ್ವಲ್ಪ ಜೋರಾಗಿ ನುಡಿಸಿ ದಾಟಿಸಿದರು. ಸಭಿಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಆದರೆ ಒಂದು ಜೀವನವಿಡೀ ತೂಗಿ ತೂಗಿ ಕಂಡುಕೊಂಡ ಆ ಮೆಲುದನಿಯನ್ನು ಅವರು ನನ್ನಿಂದಾಗಿ ಬಿಟ್ಟುಕೊಡಬೇಕಾಯಿತು.

ವಿರಾಮದಲ್ಲಿ ಅವರು ನನ್ನನ್ನು ಪಿಯಾನೋ ಹತ್ತಿರ ಕರೆದರು. ಬೈಯಲಿಲ್ಲ. ನನ್ನ ಬೆರಳನ್ನು ಆ ಕಪ್ಪು ಕೀಯ ಮೇಲಿಟ್ಟು, "ಹೊಡೆಯಬೇಡಿ, ಒತ್ತಿ. ಇನ್ನೂ ಮೆಲ್ಲಗೆ" ಎಂದರು. ಕೀ ಕೆಳಗೆ ಹೋಯಿತು, ಆಲಸ್ಯದಿಂದ ಮೇಲೆ ಬಂತು. ಅದೇ ಕೀಯನ್ನು ಬಲವಾಗಿ ಹೊಡೆದರೆ ಚಿಮ್ಮಿ ಬರುತ್ತಿತ್ತು. ಶ್ರುತಿ ಕೂಡಿಸುವವರು ಗಟ್ಟಿಯಾಗಿಯೇ ಹೊಡೆಯಬೇಕು, ಇಲ್ಲದಿದ್ದರೆ ತಂತಿ ತನ್ನ ಜಾಗದಲ್ಲಿ ನೆಲೆಗೊಳ್ಳುವುದಿಲ್ಲ. ನನ್ನ ಗುರುಗಳು ಕಲಿಸಿದ್ದು ಅದನ್ನೇ, ಅದು ಸರಿಯೂ ಹೌದು. ಆದರೆ ಅಷ್ಟು ವರ್ಷ ನಾನು ಆ ಒಂದು ಬಲದಲ್ಲಿ ಮಾತ್ರ ಪಿಯಾನೋವನ್ನು ಬಲ್ಲವನಾಗಿದ್ದೆ. ವಾದಕರ ಸಾಧನೆಯ ಬಹುಪಾಲು ಇರುವುದು ಮೆಲ್ಲಗೆ ನುಡಿಸುವುದರಲ್ಲಿ. ಒಂದು ಕೀ ಕೆಳಗಿಳಿಯುವ ಆಳ ಸುಮಾರು ಹತ್ತು ಮಿಲಿಮೀಟರ್. ಅಷ್ಟರೊಳಗೆ ಅವರು ಹತ್ತಾರು ಬಗೆಯ ದನಿಗಳನ್ನು ತೆಗೆಯುತ್ತಾರೆ.

ಕೀಯನ್ನು ಹೊರತೆಗೆದು, ಊದಿದ ಫೆಲ್ಟನ್ನು ಇಕ್ಕಳದಿಂದ ಮೃದುವಾಗಿ ಒತ್ತಿ ಸಡಿಲಿಸಿದೆ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆಯೇ ಆಗಬಹುದಿತ್ತು.

ಅಂದಿನಿಂದ ಕಾರ್ಯಕ್ರಮ ಗೊತ್ತಾದ ದಿನವೇ ಏನು ನುಡಿಸುತ್ತೀರಿ ಎಂದು ವಾದಕರನ್ನು ಕೇಳುತ್ತೇನೆ. ಆ ಕೃತಿಗಳನ್ನು ಕೇಳಿ, ತೀರ ಮೆದುವಾದ ಜಾಗಗಳು ಯಾವ ಕೀಗಳ ಮೇಲೆ ಬರುತ್ತವೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಸಭಾಂಗಣದವರಿಗೆ ಬೆಳಿಗ್ಗೆಯಿಂದಲೇ ಎಸಿ ಹಾಕಿಸಿ ಎಂದು ಬೇಡಿಕೊಳ್ಳುತ್ತೇನೆ. ವಿದ್ಯುತ್ ಬಿಲ್ಲಿನ ಮಾತು ಬಂದರೂ ಬಿಡುವುದಿಲ್ಲ. ಶ್ರುತಿ ಮುಗಿದ ಮೇಲೆ ಬಾಗಿಲು ಮುಚ್ಚಿಸಿ, ಎಡತುದಿಯಿಂದ ಬಲತುದಿಯವರೆಗೆ 88 ಕೀಗಳನ್ನೂ ಶಬ್ದ ಬರುವುದೋ ಇಲ್ಲವೋ ಎಂಬಷ್ಟು ಮೆಲ್ಲಗೆ ಒತ್ತುತ್ತೇನೆ. ಕಳೆದ ಮಳೆಗಾಲದಲ್ಲಿ ಹಾಗೆ ಒತ್ತುವಾಗ ಎರಡು ಕೀಗಳು ತಡವಾಗಿ ಮೇಲೆ ಬಂದವು. ಎರಡೂ ಎಡಗೈಯ ಕಡೆಯವು. ಸಂಜೆ ಕಛೇರಿಗೆ ಇನ್ನೂ ಐದು ಗಂಟೆ ಇತ್ತು.